ಹಿಮ್ಮಡಿಯ ನೋವೂ ಲೇಸರ್ ಚಿಕಿತ್ಸೆಯೂ

ಮೀನಖಂಡದ ಮಾಂಸವನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ದಪ್ಪ ಹುರಿಯನ್ನು ಜನರು ನರವೆನ್ನುವರು. ಆಯುರ್ವೇದದಲ್ಲಿ ಇಂತಹವುಗಳಿಗೆ ಕಂಡರಾ ಎಂದು ಹೆಸರು. ಪಾಶ್ಚಾತ್ಯರು ಇದನ್ನು ಗ್ರೀಕ್ ವೀರನಾದ ಅಕಿಲೀಸನ ಹೆಸರಿನಿಂದ ಕರೆಯುವರು. ದೇಹದಲ್ಲಿ ಇದಕ್ಕಿಂತ ದಪ್ಪನಾದ ಕಂಡರೆಯಿಲ್ಲ. ಆದರೂ ಇದಕ್ಕೆ ರಕ್ತಸಂಚಾರವು ಅಲ್ಪವಾದುದರಿಂದ, ನೊಂದರೆ ಮಾಗುವುದು ಬಹು ನಿಧಾನ. ಬೆಳಗ್ಗೆ ಹಾಸಿಗೆಯಿಂದೆದ್ದಿಡುವ ಮೊದಲ ಹೆಜ್ಜೆಯೇ ಕಷ್ಟವಾಗುವುದು.

ಶಸ್ತ್ರವಿಲ್ಲದೆ ಇದನ್ನು ಗುಣಪಡಿಸಲು ಈಗ ಲೇಸರ್ ಕಿರಣವನ್ನು ಬಳಸುತ್ತಾರೆ. 1967ರಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಎಂಬವರು ರೋಮ ಬೋಳಿಸಿದ ಇಲಿಗಳ ಮೇಲೆ ಮಂದವಾದ ಕಿರಣವನ್ನು ಬಿಡಲು, ರೋಮವು ಬೇಗನೆ ಬೆಳೆಯಿತಂತೆ. ಈ ಚಿಕಿತ್ಸೆಯ ಮೂಲವಿದು. ಮಂದ ಕಿರಣವು ಕೊಯ್ಯುವುದಿಲ್ಲ, ಸುಡುವುದಿಲ್ಲ. 2008ರ ಒಂದು ಪರೀಕ್ಷೆಯಲ್ಲಿ, ವ್ಯಾಯಾಮದೊಡನೆ ಲೇಸರನ್ನೂ ಪಡೆದವರ ನೋವು ಬೇಗ ಇಳಿಯಿತು. 2012ರ ಮತ್ತೊಂದರಲ್ಲಿ ಲೇಸರಿನಿಂದ ಹೆಚ್ಚಿನ ಫಲವೇನೂ ಕಾಣಲಿಲ್ಲ. ಎರಡರಲ್ಲಿಯೂ ವ್ಯಾಯಾಮವಿದ್ದಿತೆಂಬುದನ್ನು ವಾಚಕ ಮಹಾಶಯರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆದುದರಿಂದ ಲೇಸರನ್ನು ಸಹಾಯಕವೆಂದು ಮಾತ್ರ ನಾವು ಎಣಿಸುತ್ತೇವೆ. ಕೇವಲ ಅದಕ್ಕಾಗಿ ಹಣ ತೆರುವುದನ್ನು ಒಪ್ಪೆವು.

ಆ ವ್ಯಾಯಾಮಕ್ಕೆ ಖರ್ಚಿಲ್ಲ. 1998ರಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮವಿದು: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ನೋಯುವ ಹಿಮ್ಮಡಿಯನ್ನು ಮೆಲ್ಲನೆ ಕೆಳಗಿಳಿಸುವುದು, ಮೇಲೇರಲು ಇನ್ನೊಂದು ಕಾಲನ್ನು ಊರುವುದು. ಮೊಣಕಾಲನ್ನು ನೆಟ್ಟಗಿರಿಸಿ 15ರಂತೆ ಮೂರಾವರ್ತಿ, ಬಗ್ಗಿಸಿ ಮೂರಾವರ್ತಿ. ದಿನಕ್ಕೆರಡು ಸಲ, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180! ನಮ್ಮ ವಯಸ್ಸಿನವರು ಗೋಡೆಯನ್ನು ಹಿಡಿದುಕೊಂಡು, ವೈದ್ಯರನ್ನು ಕೇಳಿ, ಸ್ವಲ್ಪದರಿಂದಲೇ ಆರಂಭಿಸುವುದು ಲೇಸು. ಆದರೆ ಹಿಮ್ಮಡಿಯ ಮೇಲ್ಗಡೆ ಫಟ್ಟೆಂದು ಸದ್ದಾಗಿ, ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ, ಕಂಡರೆಯೇ ಹರಿದಿರಬಹುದು. ಆಗ ವ್ಯಾಯಾಮವನ್ನೂ ಲೇಸರನ್ನೂ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.