ಲಾಳಿಗೆ 38 ವರ್ಷ, ಅಲೆಗೆ ಒಂದೇ ಸೆಕೆಂಡು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮಿನ ಖಟಖಟ ಸದ್ದು ಕಿವಿಗೆ ಬೀಳದೆ ಇರದು. ಲಾಳಿ ನಿಮಿಷಕ್ಕೆ 120 ಸಲ ಓಡುತ್ತದೆ ಎಂದಿಟ್ಟುಕೊಳ್ಳೋಣ, ಸೆಕೆಂಡಿಗೆ ಎರಡು ಹೊಕ್ಕು. ಆ ಓಟಕ್ಕೇ ಕಣ್ಣು ಸೋಲುತ್ತದೆ. ಮೈಕ್ರೋವೇವ್ ಒಲೆಯ ಅಲೆಯಾದರೋ ಸೆಕೆಂಡಿಗೆ 245 ಕೋಟಿ ಸಲ ತೂಗುತ್ತದೆ. ಅಷ್ಟು ಹೊಕ್ಕು ಹಾಕಲು ಆ ಮಗ್ಗ ಹಗಲು-ರಾತ್ರಿ, ಕರೆಂಟು ಹೋಗದೆ, ಒಂದೆಳೆಯೂ ಕಡಿಯದೆ 38 ವರ್ಷ ಮೀರಿ ಓಡಬೇಕು! ಮಗ್ಗ ಶುರುವಾದ ದಿನ ಹುಟ್ಟಿದ ಕೂಸು ಅಷ್ಟರಲ್ಲಿ ತನ್ನ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುತ್ತದೆ.

ಈ ಅಲೆಯಿಂದ ಲೋಹವನ್ನೂ ಕರಗಿಸಬಹುದು. ಮೊದಲು ಕೇಳಿದಾಗ ನಾನು ನಂಬಲಿಲ್ಲ. ಒಲೆಯೊಳಗೆ ಸ್ಟೀಲ್ ಚಮಚ ಇಡಬೇಡಿ ಎನ್ನುತ್ತಾರಲ್ಲ? ಗಟ್ಟಿ ಲೋಹ ಅಲೆಯನ್ನು ಕನ್ನಡಿಯ ಹಾಗೆ ಹಿಂದಕ್ಕೆ ಅಟ್ಟುತ್ತದೆ. ತಾಮ್ರದೊಳಗೆ ಅದು ಇಳಿಯುವ ಆಳ ಸುಮಾರು 1.3 ಮೈಕ್ರಾನ್, ತಲೆಗೂದಲ ದಪ್ಪದ ಐವತ್ತನೇ ಒಂದು ಪಾಲು. ಆದರೆ ಲೋಹವನ್ನು ನುಣ್ಣಗೆ ಪುಡಿ ಮಾಡಿದರೆ ಸಣ್ಣ ಕಣಕ್ಕೆ ಅಷ್ಟು ಆಳವೇ ಬಹಳ. ಪುಡಿ ಕಾಯುತ್ತದೆ, ಒಂದಕ್ಕೊಂದು ಬೆಸೆಯುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರುಸ್ತುಂ ರಾಯ್, ದಿನೇಶ್ ಅಗರವಾಲ್ ಮತ್ತು ಸಂಗಡಿಗರು ಹೀಗೆ ಪುಡಿಯಿಂದ ಗಟ್ಟಿ ಲೋಹ ಮಾಡಿ, 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ರೂರ್ಕಿಯ ಐಐಟಿಯವರು ಇನ್ನೂ ಮುಂದೆ ಹೋದರು. ಉಕ್ಕಿನ ತುಂಡಿನ ಮೇಲೆ ನಿಕ್ಕಲ್ ಬೆರೆತ ಪುಡಿ, ಅದರ ಮೇಲೊಂದು ತೆಳು ಹಾಳೆ, ಹಾಳೆಯ ಮೇಲೆ ಇದ್ದಿಲ ಪುಡಿ. ಅಲೆ ಬಿಟ್ಟೊಡನೆ ಮೊದಲು ಕಾಯುವುದು ಇದ್ದಿಲು. ಆ ಬಿಸಿ ತಗುಲಿದ ಮೇಲೆ ಲೋಹದ ಪುಡಿಯೂ ಅಲೆಯನ್ನು ಹೀರತೊಡಗುತ್ತದೆ, ಕರಗಿ ಉಕ್ಕಿಗೆ ಅಂಟಿ ಗಟ್ಟಿ ಲೇಪವಾಗುತ್ತದೆ. ನಮ್ಮ ಕಮ್ಮಾರರ ಕುಲುಮೆಯಲ್ಲಿರುವುದೂ ಅದೇ ಇದ್ದಿಲು! ತಿದಿಯೊಂದಿಲ್ಲ ಅಷ್ಟೇ. ಒಲೆ ಆರು ನಿಮಿಷ ಉರಿಯಿತೆನ್ನಿ, ಬನಹಟ್ಟಿಯ ಮಗ್ಗದ ಲೆಕ್ಕ 14,000 ವರ್ಷ ಮುಟ್ಟುತ್ತದೆ. ಲೇಪಗಳನ್ನು ಮೈಕ್ರೋವೇವ್‌ನಲ್ಲಿ ಗಟ್ಟಿಗೊಳಿಸುವ ಸಂಶೋಧನೆ ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ನಡೆದಿದೆ.

ಇದು ನಮ್ಮ ಸೀಮೆಗೆ ಬೇಕಾದ ವಿದ್ಯೆ. ಮುಧೋಳ, ಜಮಖಂಡಿ, ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಜೊತೆ ಹೊಲದ ಮಣ್ಣೂ ಬರುತ್ತದೆ, ಗಾಣದ ರೋಲರಿನ ಹಲ್ಲು ಸವೆಯುತ್ತದೆ. ಸವೆದ ಹಲ್ಲು ಕಬ್ಬನ್ನು ಕಚ್ಚಿ ಹಿಡಿಯುವುದಿಲ್ಲ. ಅದಕ್ಕೇ ವೆಲ್ಡರ್, ತಿರುಗುವ ರೋಲರಿಗೇ ಎಲೆಕ್ಟ್ರೋಡ್ ತಾಗಿಸಿ, ಲೋಹದ ಹನಿಗಳನ್ನು ಸಾಲಾಗಿ ಕೂರಿಸುತ್ತಾನೆ. ಆ ಕೆಲಸವನ್ನು ಅಲೆಗೆ ಒಪ್ಪಿಸೋಣವೆಂದರೆ, ಸಂಶೋಧಕರ ಪುಟ್ಟ ಒಲೆಯಲ್ಲಿ ರೋಲರ್ ಎಲ್ಲಿ ಹಿಡಿಸಬೇಕು? ಲಾಳಿಯ ಉಕ್ಕಿನ ಮೂತಿ ಮಾತ್ರ ಧಾರಾಳವಾಗಿ ಹಿಡಿಸುತ್ತದೆ. ಅಲ್ಲಿಂದಲೇ ಶುರುವಾಗಲಿ.