ಹಳೆಯ ಮದ್ದಿಗೆ ಹೊಸ ಕೆಲಸ

ಟಿ.ಬಿ. ಎಂಬ ಮಾತನ್ನು ನಮ್ಮ ಬಿಜೂರು ಕಡೆ ಈಗಲೂ ದನಿ ತಗ್ಗಿಸಿಯೇ ಹೇಳುವುದು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಸಾಮಾನ್ಯವಾಗಿ ಗುಣವಾಗುವ ಕಾಯಿಲೆ ಅದು. ಆದರೆ ಮಾತ್ರೆ ಮುಗಿದ ಮೇಲೂ ಕೆಮ್ಮು ನಿಲ್ಲದೆ, ಕಫದಲ್ಲಿ ಮತ್ತೆ ರೋಗಾಣು ಕಂಡರೆ? ಮದ್ದಿಗೆ ಬಗ್ಗದ ಟಿ.ಬಿ. ಇರಬೇಕೆಂದು ಮನೆಯವರ ಎದೆ ಧಸಕ್ಕೆನ್ನುತ್ತದೆ. ಕೆಲವು ಸಲ ಅದು ಟಿ.ಬಿ.ಯೇ ಆಗಿರುವುದಿಲ್ಲ!

ಟಿ.ಬಿ. ರೋಗಾಣುವಿಗೆ ನೂರಕ್ಕೂ ಮಿಕ್ಕಿ ದಾಯಾದಿಗಳಿವೆ. ಮಣ್ಣಿನಲ್ಲಿ, ನೀರಿನಲ್ಲಿ ತಮ್ಮಷ್ಟಕ್ಕೆ ಇರುವಂಥವು. ಗಟ್ಟಿಮುಟ್ಟಾದವರಿಗೆ ಹೆಚ್ಚಾಗಿ ಏನೂ ಮಾಡವು. ಹಿಂದೆ ಟಿ.ಬಿ. ಬಂದು ಶ್ವಾಸಕೋಶ ಜಖಂ ಆದವರನ್ನು ಹಿಡಿಯುವುದು ಜಾಸ್ತಿ. ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಒಂದೇ ತರಹ ಕಾಣುತ್ತವೆ. ಕಫದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ, ಜೀನ್ ಪರೀಕ್ಷೆ ಮಾಡಿದರೇ ಯಾವುದೆಂದು ತಿಳಿಯುವುದು. ನಮಗೆ ಮಣಿಪಾಲದಂಥ ದೊಡ್ಡ ಆಸ್ಪತ್ರೆ ಹತ್ತಿರವಿದೆ, ಕೇಳಲು ಸಂಕೋಚ ಬೇಡ. ಇವು ಸಾಮಾನ್ಯವಾಗಿ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ತಟ್ಟೆ-ಲೋಟ ಬೇರೆ ಇಡುವ ಶಾಸ್ತ್ರ ಟಿ.ಬಿ.ಗೂ ಬೇಡ, ಇದಕ್ಕಂತೂ ಬೇಡವೇ ಬೇಡ.

ಆದರೆ ಹಟಮಾರಿಗಳು. ಅಬ್ಸೆಸಸ್ ಎಂಬ ಜಾತಿಯಂತೂ ಟಿ.ಬಿ.ಯ ಮುಖ್ಯ ಮದ್ದುಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದು. ಹೊಸ ಮದ್ದು ಕಂಡುಹಿಡಿಯಲು ವರ್ಷಗಟ್ಟಲೆ ಬೇಕು. ಹಾಗಾಗಿ ವೈದ್ಯರು ಇರುವ ಮದ್ದುಗಳನ್ನೇ ಮತ್ತೆ ತೆಗೆದು ನೋಡುತ್ತಿದ್ದಾರೆ, ನಾವು ಹಳೆ ಸೀರೆಯಲ್ಲಿ ಕೌದಿ ಹೊಲಿದ ಹಾಗೆ.

ಕ್ಲೊಫಜಿಮಿನ್ ಕಥೆ ಕೇಳಿ. 1950ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ವಿನ್ಸೆಂಟ್ ಬ್ಯಾರಿ ಮತ್ತು ಸಂಗಡಿಗರು ಟಿ.ಬಿ.ಗೆಂದೇ ಮಾಡಿದ್ದು ಇದು. ಟಿ.ಬಿ.ಯಲ್ಲಿ ಆಗ ಹೆಸರು ಮಾಡಲಿಲ್ಲ, ಕುಷ್ಠರೋಗಕ್ಕೆ ಸಂಜೀವಿನಿಯಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಕುಷ್ಠದ ಬಹುಔಷಧ ಚಿಕಿತ್ಸೆಯಲ್ಲಿ ಇದೂ ಸೇರಿತ್ತು. ಈಗ ಮದ್ದಿಗೆ ಬಗ್ಗದ ಟಿ.ಬಿ.ಗೂ ಅದರ ದಾಯಾದಿಗಳಿಗೂ ಕೊಡುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕ ಬೆಡಾಕ್ವಿಲಿನ್ ರೋಗಾಣುವಿನ ಶಕ್ತಿಯ ಮೂಲಕ್ಕೇ ಕೈ ಹಾಕುತ್ತದೆ, ಒಲೆಗೆ ಸೌದೆ ಸಿಗದ ಹಾಗೆ. ಟಿ.ಬಿ.ಯಲ್ಲಿ ಅದರ ಗುಣ ಸಾಬೀತಾಗಿದೆ. ದಾಯಾದಿಗಳ ಮೇಲೆ ಇನ್ನೂ ಪರೀಕ್ಷೆ ನಡೆಯುತ್ತಿದೆ, ಪವಾಡವೆಂದು ನಂಬಬೇಡಿ. ಅದು ಹೃದಯದ ಬಡಿತದ ಲಯ ಕೆಡಿಸಬಹುದಾದ್ದರಿಂದ ಇ.ಸಿ.ಜಿ. ತೆಗೆಸುತ್ತಿರಬೇಕು. ಯಾರದೋ ಮನೆಯಲ್ಲಿ ಉಳಿದ ಮಾತ್ರೆ ತಂದು ನುಂಗುವ ಬುದ್ಧಿ ಬೇಡ ಮಾರಾಯ್ರೆ.

ಚಿಕಿತ್ಸೆಯೂ ದೀರ್ಘ. ಕಫದಲ್ಲಿ ರೋಗಾಣು ಕಾಣದಾದ ಮೇಲೂ ಸುಮಾರು ಒಂದು ವರ್ಷ ಮದ್ದು ಬೇಕಾಗುತ್ತದೆ. ಕ್ಲೊಫಜಿಮಿನ್ ತೆಗೆದುಕೊಂಡರೆ ಮೈಬಣ್ಣ ಕೆಂಪುಮಿಶ್ರಿತ ಕಂದಾಗುತ್ತದೆ, ಬೆವರು, ಮೂತ್ರಕ್ಕೂ ಬಣ್ಣ ಬರಬಹುದು. ಮದುವೆಗೆ ಬಂದ ಹುಡುಗಿಯಾದರೆ ನೋಡಿದವರು ಏನಂದಾರೋ ಎಂಬ ಚಿಂತೆಯಲ್ಲೇ ಮದ್ದು ಬಿಡುವ ಮನಸ್ಸಾಗುತ್ತದೆ. ಬಿಡಬಾರದು, ವೈದ್ಯರಿಗೆ ಹೇಳಬೇಕು. ಮದ್ದು ಮುಗಿದ ಮೇಲೆ ಆ ಬಣ್ಣ ತಿಂಗಳುಗಳಲ್ಲಿ, ಕೆಲವರಿಗೆ ಒಂದೆರಡು ವರ್ಷದಲ್ಲಿ, ನಿಧಾನಕ್ಕೆ ಮಾಸುತ್ತದೆ.