ಬೆಳಕಿಗೊಂದು ಬಿಳಿಯ ಕೊಡೆ

ಮನೆಯ ಹಿರಿಯರೊಬ್ಬರು ಕಾಲವಾದಾಗ, ದುಃಖದ ನಡುವೆಯೇ ಮನೆಮಂದಿಯೆಲ್ಲ ಹುಡುಕಾಡುವ ವಸ್ತುವೊಂದುಂಟು. ಅದು ಅವರದೊಂದು ಒಳ್ಳೆಯ ಭಾವಚಿತ್ರ. ಬೀರುವಿನಿಂದ ಹಳೆಯ ಆಲ್ಬಮ್ಮುಗಳು ಹೊರಬರುತ್ತವೆ; ಮಕ್ಕಳು ತಂತಮ್ಮ ಮೊಬೈಲುಗಳಲ್ಲಿ ಸಾವಿರಾರು ಚಿತ್ರಗಳನ್ನು ಸರಿಸಿ ಸರಿಸಿ ನೋಡುತ್ತಾರೆ. ಕಡೆಗೆ ಕೈಗೆ ಸಿಕ್ಕುವುದು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ ಮುಖ. ಇಲ್ಲವಾದರೆ ಗುರುತಿನ ಚೀಟಿಯಲ್ಲಿ ಗಾಬರಿಯಿಂದ ಕಣ್ಣರಳಿಸಿದ ಮುಖ. ಅದನ್ನೇ ದೊಡ್ಡದು ಮಾಡಿಸಿ, ಗಂಧದ ಹಾರ ತೊಡಿಸಿ, ಗೋಡೆಗೆ ತೂಗುಹಾಕುತ್ತೇವೆ. ಮುಂದೆ ಹುಟ್ಟುವ ಮಕ್ಕಳ ಪಾಲಿಗೆ ಮುತ್ತಜ್ಜಿಯೆಂದರೆ ಆ ಮುಖವೇ.

ಮನೆಗೆ ನಾಲ್ಕು ಕ್ಯಾಮರಾಗಳಿರುವ ಈ ಕಾಲದಲ್ಲಿ ಹೀಗೇಕಾಗಬೇಕು? ದೋಷ ಕ್ಯಾಮರಾದ್ದಲ್ಲ; ಕುಳಿತವರದಂತೂ ಖಂಡಿತ ಅಲ್ಲ. ದೋಷವಿರುವುದು ಬೆಳಕು ಬರುವ ದಿಕ್ಕಿನಲ್ಲಿ. ಕ್ಯಾಮರಾದ ನೆತ್ತಿಯ ಮೇಲೆ ಕುಳಿತ ಫ್ಲಾಷ್ ಆಗಲಿ, ಮೊಬೈಲಿನ ಮಸೂರದ ಮಗ್ಗುಲಿನ ಪುಟ್ಟ ದೀಪವಾಗಲಿ, ನೋಡುವ ಕಣ್ಣಿನ ಜಾಗದಿಂದಲೇ ಬೆಳಕನ್ನು ಎರಚುತ್ತದೆ. ಮೂಗು, ಕೆನ್ನೆ, ಗಲ್ಲಗಳ ನೆರಳುಗಳೆಲ್ಲ ಅವುಗಳ ಹಿಂದೆಯೇ ಅಡಗಿಬಿಡುತ್ತವೆ. ನೆರಳಿಲ್ಲದ ಮುಖ ರೊಟ್ಟಿಯಂತೆ ಚಪ್ಪಟೆಯಾಗಿ ತೋರುತ್ತದೆ. ಹಣೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕಣ್ಣಿನ ಒಳಪದರಕ್ಕೆ ಬಡಿದ ಬೆಳಕು ನೇರವಾಗಿ ಹಿಂದಿರುಗಿ ಕಣ್ಣಾಲಿಗಳು ಕೆಂಪಾಗಿ ಕಾಣಿಸುತ್ತವೆ.

ಪರಿಹಾರ ಸುಲಭವಾದುದು. ಫ್ಲಾಷನ್ನು ಕ್ಯಾಮರಾದಿಂದ ಕಳಚಿ ಪಕ್ಕಕ್ಕೆ ತರಬೇಕು. ಅದರ ಮುಂದೊಂದು ಕೊಡೆ ಹಿಡಿಯಬೇಕು. ಇಷ್ಟೇ.

ಕಲ್ಲು ಕಲಿಸುವ ಪಾಠ

ಪಕ್ಕದ ಬೆಳಕಿನ ಮಹಿಮೆಯನ್ನು ತಿಳಿಯಬೇಕಾದವರು ಬೆಂಗಳೂರಿನ ಉತ್ತರಕ್ಕಿರುವ ಕೆಂಪಾಪುರದ ನೆರೆಯಲ್ಲೇ, ಹೆಬ್ಬಾಳದಲ್ಲಿ, ಒಂದು ಕಲ್ಲನ್ನು ನೋಡಬಹುದು. ೨೦೧೮ರಲ್ಲಿ ಬೆಳಕಿಗೆ ಬಂದ ಈ ವೀರಗಲ್ಲು ಸುಮಾರು ಕ್ರಿ.ಶ. ೭೫೦ರದು; ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ ಕಾಲದ್ದು. ಹೋರಾಡಿ ಮಡಿದ ಕಿತ್ತಯ್ಯನೆಂಬವನ ನೆನಪಿಗಾಗಿ ನಿಂತದ್ದು. ಅಂದಿನವರಿಗೆ ಕ್ಯಾಮರಾ ಇರಲಿಲ್ಲ. ಅಗಲಿದವನ ನೆನಪು ಅಳಿಯಬಾರದೆಂಬ ಹಂಬಲ ಮಾತ್ರ ನಮಗಿರುವಷ್ಟೇ ಇತ್ತು.

ಇಂತಹ ಸವೆದ ಕಲ್ಲುಗಳನ್ನು ಓದುವವರಿಗೆ ಗೊತ್ತಿರುವ ಮಾತೊಂದಿದೆ: ನೆತ್ತಿಯ ಬಿಸಿಲಿನಲ್ಲಿ ನೇರವಾಗಿ ನಿಂತು ನೋಡಿದರೆ ಅಕ್ಷರಗಳು ಕಾಣುವುದು ಕಷ್ಟ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೀರಿಗೂ ನೆರಳು ಹುಟ್ಟಿ ಅಕ್ಷರ ಎದ್ದು ನಿಲ್ಲುತ್ತದೆ. ಮುಖಕ್ಕೂ ಇದೇ ನ್ಯಾಯ. ಕೆನ್ನೆಯ ಏರು, ಕಣ್ಣಿನ ಆಳ, ನಗುವಾಗ ಮೂಡುವ ಗೆರೆ ಇವೆಲ್ಲ ಕಾಣುವುದು ನೆರಳಿನ ನೆರವಿನಿಂದ. ಆದರೆ ಮುಖ ಕಲ್ಲಲ್ಲ. ಓರೆಬೆಳಕು ತೀರ ಕಟುವಾದರೆ ಎಪ್ಪತ್ತು ವರ್ಷದ ಅಜ್ಜಿಯ ಸುಕ್ಕುಗಳೆಲ್ಲ ಉತ್ತ ಹೊಲದ ಸಾಲಿನಂತಾಗುತ್ತವೆ. ಬೆಳಕು ಪಕ್ಕದಿಂದಲೂ ಬರಬೇಕು, ಮೃದುವಾಗಿಯೂ ಇರಬೇಕು. ಈ ಎರಡನೆಯ ಕೆಲಸ ಕೊಡೆಯದು.

ಕೊಡೆ ಮಾಡುವ ಕೆಲಸ

ಬೆಳಕಿನ ಮೃದುತ್ವ ನಿಂತಿರುವುದು ಬೆಳಕಿನ ಮೂಲದ ಗಾತ್ರದ ಮೇಲೆ. ಪುಟ್ಟ ಫ್ಲಾಷಿನ ಮುಖ ಅಂಗೈಗಿಂತ ಚಿಕ್ಕದು. ಆದುದರಿಂದ ಅದು ಬೀಳಿಸುವ ನೆರಳಿನ ಅಂಚು ಚಾಕುವಿನಂತೆ ಹರಿತ. ಅದೇ ಫ್ಲಾಷನ್ನು ಮೂರೂವರೆ ಅಡಿ ಅಗಲದ ಬಿಳಿಯ ಕೊಡೆಯೊಳಕ್ಕೆ ಹಾಯಿಸಿದರೆ ಇಡೀ ಕೊಡೆಯೇ ದೀಪವಾಗುತ್ತದೆ. ಅಷ್ಟಗಲದಿಂದ ಹೊರಟ ಬೆಳಕು ಮೂಗನ್ನು ಬಳಸಿಕೊಂಡು ಹೋಗಿ, ನೆರಳಿನ ಅಂಚನ್ನು ಕರಗಿಸಿಬಿಡುತ್ತದೆ. ಕೊಡೆಯನ್ನು ಹತ್ತಿರ ತಂದಷ್ಟೂ ಬೆಳಕು ಮೃದು. ದೂರ ಸರಿಸಿದಷ್ಟೂ ಕಟು. ಅಲ್ಲದೆ, ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂಬ ನಿಯಮವನ್ನೂ ನೆನಪಿಡಬೇಕು.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸತೇನಲ್ಲ. ೧೯೫೬ರ ‘ಅಪರಾಜಿತೊ’ ಚಿತ್ರಕ್ಕಾಗಿ ಸ್ಟುಡಿಯೋದಲ್ಲಿ ಕಾಶಿಯ ಮನೆಯೊಂದರ ಅಂಗಳವನ್ನು ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರರು ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಅದಕ್ಕೆ ಹೊಡೆದು, ಹಿಂದಿರುಗಿದ ಬೆಳಕಿನಲ್ಲೇ ಚಿತ್ರೀಕರಿಸಿದರು. ನಮ್ಮ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ವಿ. ಕೆ. ಮೂರ್ತಿಯವರು ೧೯೫೯ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ಹೊರಗಿನ ಸೂರ್ಯನನ್ನೇ ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ ತಂದುದು ಸುಪ್ರಸಿದ್ಧ. ಛಾಯಾಗ್ರಾಹಕರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊದಲು ಪಡೆದವರು ಅವರೇ. ಅದು ೨೦೦೮ರ ಸಾಲಿನದು. ದೀಪ ಇರುವ ಕಡೆಯಿಂದಲೇ ಬೆಳಕು ಬರಬೇಕೆಂಬ ಕಟ್ಟುಪಾಡಿಲ್ಲ; ಅದನ್ನು ಬೇಕಾದೆಡೆಗೆ ತಿರುಗಿಸಿಕೊಳ್ಳಬಹುದು. ಈ ಇಬ್ಬರು ದೊಡ್ಡವರ ಕೆಲಸದಿಂದ ಮನೆಯ ಹವ್ಯಾಸಿ ಕಲಿಯಬೇಕಾದುದು ಇದನ್ನೇ.

ನಡುಮನೆಯೇ ಸ್ಟುಡಿಯೋ

ಕೆಂಪಾಪುರದಂತಹ ಬಡಾವಣೆಗಳಲ್ಲಿ ಈಗ ಮಹಡಿಯ ಮೇಲೆ ಮಹಡಿ ಎದ್ದಿವೆ. ಮಕ್ಕಳ ಉದ್ಯೋಗದ ನೆಪದಿಂದ ಊರು ಬಿಟ್ಟು ಬಂದ ತಂದೆತಾಯಿಗಳು ಅಲ್ಲಿನ ಎಷ್ಟೋ ಮನೆಗಳಲ್ಲಿ ಇದ್ದಾರೆ. ನಡುಮನೆ ಹತ್ತು ಅಡಿಗೆ ಹನ್ನೆರಡು ಅಡಿ ಇದ್ದರೆ ಸಾಕು. ಭಾವಚಿತ್ರಕ್ಕೆ ಅದಕ್ಕಿಂತ ದೊಡ್ಡ ಸ್ಥಳ ಬೇಡ. ಬೇಕಾದ ಸಾಮಗ್ರಿಯೂ ಸ್ವಲ್ಪವೇ: ನಾಲ್ಕು ಪೆನ್ ಸೆಲ್ಲುಗಳಿಂದ ಉರಿಯುವ ಒಂದು ಫ್ಲಾಷ್, ಕ್ಯಾಮರಾದಿಂದ ಅದಕ್ಕೆ ಸಂಕೇತ ಕಳುಹಿಸುವ ರೇಡಿಯೋ ಟ್ರಿಗರ್ ಜೋಡಿ, ಒಂದು ಸ್ಟ್ಯಾಂಡು, ಒಂದು ಬಿಳಿಯ ಕೊಡೆ. ಕೊಡೆ ಕಟ್ಟಿದ ಸ್ಟ್ಯಾಂಡು ಸಣ್ಣ ಗಾಳಿಗೂ ಉರುಳೀತು. ಫ್ಯಾನು ನಿಲ್ಲಿಸಿ, ಸ್ಟ್ಯಾಂಡಿನ ಕಾಲಿಗೆ ಐದು ಸೇರು ರಾಗಿಯ ಚೀಲವೊಂದನ್ನು ಒರಗಿಸಿಡುವುದು ಕ್ಷೇಮ.

ಹಿರಿಯರನ್ನು ಕೈಯಿರುವ ಕುರ್ಚಿಯಲ್ಲಿ, ಗೋಡೆಯಿಂದ ನಾಲ್ಕೈದು ಅಡಿ ಮುಂದಕ್ಕೆ ಕೂರಿಸಿ. ಕ್ಯಾಮರಾ ಅವರ ಕಣ್ಣಿನ ಎತ್ತರದಲ್ಲಿ, ಆರು ಅಡಿ ದೂರದಲ್ಲಿರಲಿ. ಕೊಡೆಯನ್ನು ಅವರ ಒಂದು ಪಕ್ಕಕ್ಕೆ, ಕ್ಯಾಮರಾದ ಗೆರೆಯಿಂದ ಸುಮಾರು ೪೫ ಡಿಗ್ರಿ ಸರಿದು, ಕಣ್ಣಿಗಿಂತ ಒಂದೆರಡು ಅಡಿ ಮೇಲೆ, ಮುಖಕ್ಕೆ ನಾಲ್ಕು ಅಡಿಯ ಅಂತರದಲ್ಲಿ ನಿಲ್ಲಿಸಿ. ಮೊದಲ ಪ್ರಯತ್ನಕ್ಕೆ ಐ.ಎಸ್.ಓ. ೨೦೦, ರಂಧ್ರ ಎಫ್ ೫.೬, ಷಟರಿನ ವೇಗ ಸೆಕೆಂಡಿನ ೧೬೦ರಲ್ಲಿ ಒಂದು ಭಾಗ, ಫ್ಲಾಷಿನ ಶಕ್ತಿ ಕಾಲು ಪಾಲು ಇಟ್ಟು ನೋಡಿ. ಮುಖ ಹೆಚ್ಚು ಬೆಳಗಿದ್ದರೆ ಫ್ಲಾಷಿನ ಶಕ್ತಿಯನ್ನು ಅರ್ಧಕ್ಕಿಳಿಸಿ. ಷಟರಿನ ವೇಗವನ್ನು ಬದಲಿಸಿದರೆ ಮುಖದ ಬೆಳಕು ಬದಲಾಗದು, ಏಕೆಂದರೆ ಫ್ಲಾಷ್ ಷಟರಿಗಿಂತ ಎಷ್ಟೋ ಬೇಗ ಮಿಂಚಿ ಮುಗಿದಿರುತ್ತದೆ. ಬದಲಾಗುವುದು ಕೋಣೆಯ ಬೆಳಕು ಮಾತ್ರ. ಸೆಕೆಂಡಿನ ೨೦೦ನೆಯ ಭಾಗಕ್ಕಿಂತ ವೇಗ ಹೆಚ್ಚಿಸಿದರೆ, ಹಲವು ಕ್ಯಾಮರಾಗಳಲ್ಲಿ ಚಿತ್ರದ ಒಂದಂಚು ಕಪ್ಪಾಗುವುದುಂಟು.

ಕಾಲು ಶಕ್ತಿಯಲ್ಲಿ ಫ್ಲಾಷಿನ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಇರುತ್ತದೆ. ಕೈ ನಡುಗುವ, ತಲೆ ಅದುರುವ ವೃದ್ಧರಿಗೆ ಇದೊಂದು ವರವೇ ಸರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರಕ್ಕೆ ಕುಳಿತವರ ಕತ್ತು ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಈಗ ಅಜ್ಜ ನಗುತ್ತಲೇ ಇರಬಹುದು, ಮಾತಾಡುತ್ತಲೇ ಇರಬಹುದು.

ಹಿರಿಯರ ಮುಖದ ಸೂಕ್ಷ್ಮಗಳು

ಕಣ್ಣುಗಳನ್ನು ಮೊದಲು ನೋಡಿ. ಕರಿಯ ಗುಡ್ಡೆಯ ಮೇಲ್ಭಾಗದಲ್ಲಿ, ಗಡಿಯಾರದ ಹತ್ತು ಅಥವಾ ಎರಡು ಗಂಟೆಯ ಜಾಗದಲ್ಲಿ ಕೊಡೆಯ ಬಿಳಿಯ ಪ್ರತಿಬಿಂಬ ಮಿನುಗಬೇಕು. ಅದಿಲ್ಲದಿದ್ದರೆ ಕಣ್ಣು ಕಳೆಗುಂದುತ್ತದೆ. ಕೊಡೆ ತೀರ ಮೇಲಿದೆಯೆಂದು ತಿಳಿದು ತಗ್ಗಿಸಿ. ಇನ್ನು ಕನ್ನಡಕ. ಬೆಳಕು ಬಂದ ಕೋನದಲ್ಲೇ ಹಿಂದಿರುಗುವುದರಿಂದ ಗಾಜಿನಲ್ಲಿ ಇಡೀ ಕೊಡೆ ಕಾಣುವುದುಂಟು. ಆಗ ಕೊಡೆಯನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ, ಇಲ್ಲವೇ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಡಿ. ಕನ್ನಡಕವನ್ನು ಮಾತ್ರ ತೆಗೆಸಬೇಡಿ; ನಲವತ್ತು ವರ್ಷ ಕನ್ನಡಕ ಧರಿಸಿದವರ ಮುಖ ಅದಿಲ್ಲದೆ ಅಪರಿಚಿತವಾಗುತ್ತದೆ.

ನೆರಳಿನ ಕೆನ್ನೆ ತೀರ ಕಪ್ಪಾಯಿತೆನಿಸಿದರೆ ಆ ಪಕ್ಕಕ್ಕೆ ಒಗೆದ ಬಿಳಿಯ ಪಂಚೆಯೊಂದನ್ನು ಹಿಡಿದುಕೊಳ್ಳಲು ಮೊಮ್ಮಗನಿಗೆ ಹೇಳಿ. ಕರಿಯ ಕೂದಲು ಮಬ್ಬು ಗೋಡೆಯೊಡನೆ ಬೆರೆತುಹೋಗುವಂತಿದ್ದರೆ, ಎರಡನೆಯದೊಂದು ಫ್ಲಾಷನ್ನು ಕುರ್ಚಿಯ ಹಿಂದೆ ನೆಲದ ಮೇಲಿಟ್ಟು, ಹದಿನಾರನೆಯ ಒಂದು ಪಾಲು ಶಕ್ತಿಯಲ್ಲಿ ಗೋಡೆಗೆ ಹಾಯಿಸಿದರಾಯಿತು. ಅಮ್ಮನ ಮುಖವನ್ನು ಬೆಳ್ಳಗೆ ಮಾಡುವ ಹಟವಂತೂ ಸಲ್ಲದು. ಗೋಧಿಬಣ್ಣವಾಗಲಿ, ಎಣ್ಣೆಗಪ್ಪಾಗಲಿ, ಮೃದುವಾದ ಪಕ್ಕದ ಬೆಳಕಿನಲ್ಲಿ ಅದರದೇ ಕಾಂತಿಯಿಂದ ಹೊಳೆಯುತ್ತದೆ.

ಫ್ಲಾಷಿಲ್ಲದವರು ಸುಮ್ಮನಿರಬೇಕೆ? ಬೇಕಿಲ್ಲ. ನೇರ ಬಿಸಿಲು ಬೀಳದ ಕಿಟಕಿಗೆ ತೆಳುವಾದ ಬಿಳಿಯ ಪರದೆ ಕಟ್ಟಿದರೆ ಅದೇ ಕೊಡೆ. ಅದರ ಪಕ್ಕದಲ್ಲಿ ಕುರ್ಚಿ ಹಾಕಿ, ಕೋಣೆಯ ದೀಪಗಳನ್ನು ಆರಿಸಿ, ಮೊಬೈಲಿನ ಫ್ಲಾಷನ್ನು ಮುಚ್ಚಿ ತೆಗೆಯಿರಿ. ಕಿಟಕಿಯ ಬೆಳಕು ಮೋಡದೊಡನೆ, ಹೊತ್ತಿನೊಡನೆ ಮಾರ್ಪಡುತ್ತದೆ. ಕೊಡೆಯ ಬೆಳಕಾದರೆ ಮಕ್ಕಳು ಕೆಲಸದಿಂದ ಮರಳಿದ ರಾತ್ರಿ ಒಂಬತ್ತು ಗಂಟೆಗೂ ಹಾಗೆಯೇ ಇರುತ್ತದೆ. ವ್ಯತ್ಯಾಸ ಇಷ್ಟೇ.

ಎಲ್ಲಕ್ಕಿಂತ ಕಷ್ಟದ ಕೆಲಸ ಯಂತ್ರದ್ದಲ್ಲ, ಒಪ್ಪಿಸುವುದು. “ಈ ವಯಸ್ಸಿನಲ್ಲಿ ನನಗೇಕಪ್ಪ ಫೋಟೋ?” ಎನ್ನದ ಹಿರಿಯರಿಲ್ಲ. ಆ ಮಾತಿನ ಹಿಂದಿರುವ ಅಳುಕು ಅವರಿಗೂ ಗೊತ್ತು, ನಮಗೂ ಗೊತ್ತು. ಆದುದರಿಂದ ಒಬ್ಬರನ್ನೇ ಕೂರಿಸಬೇಡಿ. ಮನೆಯವರೆಲ್ಲರೂ ಸರದಿಯಂತೆ ಆ ಕುರ್ಚಿಯಲ್ಲಿ ಕುಳಿತೇಳಲಿ. ಅವರ ಸರದಿ ಬಂದಾಗ ಹುಟ್ಟೂರಿನ ಜಾತ್ರೆಯನ್ನೋ, ಮೊದಲ ಸಂಬಳವನ್ನೋ ಕೇಳಿ, ಅವರು ಹೇಳುತ್ತಿರುವಾಗ ತೆಗೆಯಿರಿ. ತೆಗೆದುದನ್ನು ಮೊಬೈಲಿನಲ್ಲೇ ಬಿಡದೆ ಕಾಗದಕ್ಕೆ ಇಳಿಸಿ, ಬೆನ್ನ ಮೇಲೆ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆದಿಡಿ. ಈ ಭಾನುವಾರ ಅವರು ಮನೆಯಲ್ಲೇ ಇದ್ದಾರಲ್ಲ, ಇನ್ನೇಕೆ ತಡ?